ಹನ್ನೊಂದನೇ ಮೆಟ್ಟಿಲಿನ ಕುಂಕುಮ

ಊರಿನ ಹೆಸರು ಕೇಳಬೇಡಿ, ನಾನು ಹೇಳೋದಿಲ್ಲ. ಹೇಳಿದರೆ ನೀವು, ಸದ್ಯ ನಮ್ಮೂರಲ್ಲವಲ್ಲ ಅಂತ ಕಾಲು ಚಾಚಿ ಕೂತುಬಿಡುತ್ತೀರಿ. ಒಂದು ಊರು ಅಂದುಕೊಳ್ಳಿ, ಸಾಕು. ಊರಿಗೆ ಒಂದು ಹಗ್ಗದ ಮನೆ. ಹಗ್ಗದ ಮನೆಗೆ ಒಂದು ಬಾಗಿಲು. ಬೆಳಗಾದರೆ ಊರೆಲ್ಲ ಆ ಬಾಗಿಲಲ್ಲಿ ಒಳಗೆ ಹೋಗುತ್ತಿತ್ತು, ಸಂಜೆಯಾದರೆ ಊರೆಲ್ಲ ಆ ಬಾಗಿಲಲ್ಲಿ ಹೊರಗೆ ಬರುತ್ತಿತ್ತು. ಒಳಗೆ ಹೋದಷ್ಟೇ ಕೈಕಾಲು ಹೊರಗೆ ಬರುತ್ತಿದ್ದವು ಅಂತ ಮಾತ್ರ ಹೇಳುವ ಹಾಗಿರಲಿಲ್ಲ.

ಒಳಗೆ ನಡೆಯುತ್ತಿದ್ದದ್ದು ಇಷ್ಟು. ತೆಂಗಿನ ನಾರನ್ನು ಹಣಿಗೆಯಲ್ಲಿ ಬಾಚುತ್ತಿದ್ದರು. ಹಣಿಗೆ ಅಂದರೆ ತಲೆ ಬಾಚುವುದಲ್ಲ, ಬಾಗಿಲಿನಷ್ಟು ಅಗಲದ ಹಲಗೆಗೆ ಬೆರಳುದ್ದದ ಕಬ್ಬಿಣದ ಮುಳ್ಳು ಜಡಿದದ್ದು. ಬಾಚಿದ ನಾರನ್ನು ಹೊರೆ ಕಟ್ಟಿ, ಬೆನ್ನ ಮೇಲೆ ಹೊತ್ತು, ಹದಿನೇಳು ಮೆಟ್ಟಿಲು ಹತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ಅಟ್ಟದಿಂದ ಕೆಳಗೆ ಇಳಿಬಿಟ್ಟ ನಾರನ್ನು ಚಕ್ರ ಹುರಿ ಮಾಡುತ್ತಿತ್ತು. ಹುರಿಯನ್ನು ಕೊಪ್ಪರಿಗೆಯ ಕುದಿಯುವ ರಾಳದಲ್ಲಿ ಅದ್ದಿ ತೆಗೆದರೆ ಹಗ್ಗ. ಆ ಹಗ್ಗ ಎಲ್ಲಿಗೆ ಹೋಗುತ್ತಿತ್ತು, ಯಾವ ಆನೆಯನ್ನು ಕಟ್ಟುತ್ತಿತ್ತು, ಯಾರಿಗೂ ಗೊತ್ತಿರಲಿಲ್ಲ. ಬಂಡಿ ಬರುತ್ತಿತ್ತು, ತುಂಬಿಕೊಂಡು ಹೋಗುತ್ತಿತ್ತು.

ಆ ಮನೆಗೊಂದು ಕಟ್ಟಳೆ ಇತ್ತು. ಎಲ್ಲಿ ಮನುಷ್ಯರ ನೆತ್ತರು ಬಿತ್ತೋ ಆ ಜಾಗ ಉಂಡಿತು. ಉಂಡ ಜಾಗಕ್ಕೆ ಕುಂಕುಮ ಇಡಬೇಕು. ಕುಂಕುಮ ಇಟ್ಟ ಜಾಗಕ್ಕೆ ಸುತ್ತಿಗೆ ತಾಗಬಾರದು, ಉಳಿ ತಾಗಬಾರದು, ಪೊರಕೆ ಕೂಡ ತಾಗಬಾರದು. ಅದು ತೃಪ್ತಿಯಾಗಿ ಮಲಗಿದೆ, ಎಬ್ಬಿಸಿದರೆ ಮತ್ತೆ ಹಸಿಯುತ್ತದೆ. ಮಲಗಿದ್ದ ಜಾಗ ಮತ್ತೊಬ್ಬರನ್ನು ತಿಂದರೋ? ತಿಂದರೆ ಎರಡನೇ ಬೊಟ್ಟು. ಮೂರನೆಯವರನ್ನು ತಿಂದರೆ ಮೂರನೇ ಬೊಟ್ಟು. ಒಟ್ಟು ನಲವತ್ತೊಂದು ಜಾಗಗಳಿದ್ದವು, ಅವುಗಳಲ್ಲಿ ಅಟ್ಟದ ಮೆಟ್ಟಿಲುಗಳ ಪೈಕಿ ಹನ್ನೊಂದನೆಯದೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಆರು ಬೊಟ್ಟು.

ಬೊಟ್ಟು ಇಡುವ ಕೆಲಸ ಒಬ್ಬಳದು. ಕುಂಕುಮದಾಕೆ ಅಂತಲೇ ಎಲ್ಲರೂ ಕರೆಯುತ್ತಿದ್ದರು. ಅವಳ ತಾಯಿ ಅದೇ ತಟ್ಟೆ ಹಿಡಿದಿದ್ದಳು, ತಾಯಿಯ ತಾಯಿಯೂ ಹಿಡಿದಿದ್ದಳು. ದಿನಾ ಬೆಳಿಗ್ಗೆ ಚಕ್ರ ತಿರುಗುವ ಮುಂಚೆ ಕುಂಕುಮವನ್ನು ಎಳ್ಳೆಣ್ಣೆಯಲ್ಲಿ ಕಲಸಿ, ತಟ್ಟೆಯಲ್ಲಿಟ್ಟುಕೊಂಡು, ಜಾಗದಿಂದ ಜಾಗಕ್ಕೆ ಹೋಗಬೇಕು. ಎಣ್ಣೆ ಯಾಕೆ ಅಂದರೆ ಬರೀ ಕುಂಕುಮ ಉದುರಿಹೋಗುತ್ತದೆ, ಎಣ್ಣೆಯಲ್ಲಿ ಕಲಸಿದ್ದು ಕಚ್ಚಿಕೊಂಡು ಕೂರುತ್ತದೆ. ಪ್ರತಿ ಜಾಗದಲ್ಲೂ ಬಗ್ಗಿ ಅವಳು ಕೇಳಬೇಕು:

"ಉಂಡೆಯಾ?"

ತಾನೇ ಉತ್ತರ ಹೇಳಬೇಕು: "ಉಂಡೆ."

"ತೃಪ್ತಿಯಾಯಿತಾ?"

"ಆಯಿತು."

"ಇನ್ನು ಬೇಡ ತಾನೆ?"

"ಇನ್ನು ಬೇಡ."

ನಲವತ್ತೊಂದು ಸಲ ಕೇಳಿ ನಲವತ್ತೊಂದು ಸಲ ಹೇಳಿದ ಮೇಲೆ ಚಕ್ರ ತಿರುಗುತ್ತಿತ್ತು. ಇದು ಎಷ್ಟು ಕಾಲದಿಂದ ನಡೆದಿತ್ತು ಅಂದರೆ ಬೊಟ್ಟಿನ ಮೇಲೆ ಬೊಟ್ಟು ಕೂತು ಕೂತು ಹನ್ನೊಂದನೇ ಮೆಟ್ಟಿಲಿನ ಮೇಲೆ ಕೆಂಪು ಹೆಪ್ಪು ಎರಡು ಬೆರಳು ದಪ್ಪ ಎದ್ದಿತ್ತು. ಮೆಟ್ಟಿಲು ಬೆಳೆಯುತ್ತಿದೆ ನೋಡಿ ಅಂತ ಜನ ಕೈ ಮುಗಿಯುತ್ತಿದ್ದರು. ಬೆಳೆಯುತ್ತಿದ್ದದ್ದು ಏನು ಅಂತ ಒಬ್ಬರೂ ಉಗುರಲ್ಲಿ ಕೆರೆದು ನೋಡಿರಲಿಲ್ಲ.

ಒಂದು ದಿನ ಬೆಳಿಗ್ಗೆ ಹನ್ನೊಂದನೇ ಮೆಟ್ಟಿಲು ಏಳನೆಯವನನ್ನು ಕೆಡವಿತು. ಅವನು ಕುಂಕುಮದಾಕೆಯ ಗಂಡ.

ಹೊರೆ ಹೊತ್ತು ಅಟ್ಟ ಏರುವ ಕೆಲಸ ಅವನದು. ಇಪ್ಪತ್ತೆರಡು ವರ್ಷ ಹತ್ತಿದ್ದ, ಇಪ್ಪತ್ತೆರಡು ವರ್ಷ ಇಳಿದಿದ್ದ. ಅವತ್ತು ಹತ್ತಿದವನು ಇಳಿಯಲಿಲ್ಲ, ಬಿದ್ದ. ಸೊಂಟ ಹೋಯಿತು. ಹಣೆ ಒಡೆದು ಮೆಟ್ಟಿಲಿಗೆ ನೆತ್ತರು ಹತ್ತಿತು. ಚಕ್ರ ನಿಲ್ಲಿಸಲಿಲ್ಲ, ಯಾಕೆಂದರೆ ನಿಲ್ಲಿಸುವ ಪದ್ಧತಿ ಇರಲಿಲ್ಲ. ಮೇಸ್ತ್ರಿ ಬಂದ, ಹಾರ ಬಂತು, ತಮಟೆ ಬಂತು. ಮೇಸ್ತ್ರಿ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಿದ್ದವನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಆಮೇಲೆ ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಹನ್ನೊಂದನೇ ಮೆಟ್ಟಿಲು ಇವರ ಮನೆಯನ್ನು ಆರಿಸಿಕೊಂಡಿದೆ. ಒಂಬತ್ತನೇ ದಿನ ಇದೇ ಮನೆಯಿಂದ ಒಬ್ಬರು ಹೊರೆ ಎತ್ತಬೇಕು. ಅದು ಕಟ್ಟಳೆ. ಕುಂಕುಮದಾಕೆ ಎಲ್ಲಿ? ಬಾರಮ್ಮ, ಬೊಟ್ಟು ಇಡು."

ಅವಳು ಬಂದಳು. ಗಂಡನನ್ನು ಬಾಗಿಲ ಹಲಗೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು, ಅವನ ನರಳಾಟ ಕೇಳುತ್ತಲೇ ಇತ್ತು. ಅವಳು ಹನ್ನೊಂದನೇ ಮೆಟ್ಟಿಲಿಗೆ ಏಳನೇ ಬೊಟ್ಟು ಇಟ್ಟಳು. ಉಂಡೆಯಾ ಅಂತ ಕೇಳಿದಳು. ಉಂಡೆ ಅನ್ನುವ ಮೊದಲು ಗಂಡ ಹೋದ ಕಡೆಗೆ ಒಮ್ಮೆ ತಿರುಗಿ ನೋಡಿದಳು. ಆದರೂ ಹೇಳಿದಳು, ಏನು ಮಾಡುತ್ತಾಳೆ, ಅಭ್ಯಾಸ.

ಮನೆಗೆ ಬಂದು ಗಂಡನ ಕಾಲು ತೊಳೆಯಲು ಕೂತಳು. ಮಣ್ಣು ಹೋಯಿತು, ನಾರಿನ ದೂಳು ಹೋಯಿತು. ಬಲಗಾಲಿನ ಹಿಮ್ಮಡಿಯ ಕೆಂಪು ಮಾತ್ರ ಹೋಗಲಿಲ್ಲ. ನೆತ್ತರು ಅಂದುಕೊಂಡಳು. ನೆತ್ತರಾದರೆ ನೀರಿಗೆ ಬಿಡಬೇಕು. ಬೆರಳಲ್ಲಿ ಉಜ್ಜಿದಳು, ಜಾರಿತು. ಮೂಸಿ ನೋಡಿದಳು. ಎಳ್ಳೆಣ್ಣೆ.

ಆ ಎಣ್ಣೆಯನ್ನು ಅವಳೇ ಕಲಸಿದ್ದಳು, ಅವತ್ತು ಬೆಳಿಗ್ಗೆಯೇ, ಈ ಕೈಯಲ್ಲೇ.

ಗಂಡ ಕಣ್ಣು ಮುಚ್ಚಿಕೊಂಡಿದ್ದ. ಅವಳು ದನಿ ಸರಿಮಾಡಿಕೊಂಡು ಕೇಳಿದಳು, "ಹೇಗಾಯ್ತು?"

"ಹೇಗೆ ಅಂದರೆ? ಬಿದ್ದೆ, ಅಷ್ಟೆ."

"ಹೇಗೆ ಬಿದ್ದಿರಿ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ. ಅವನು ಒಂದು ಕಣ್ಣು ಬಿಟ್ಟು ಅವಳನ್ನು ನೋಡಿದ. "ಆ ಮೆಟ್ಟಿಲು ಮೊದಲಿಂದ ಅಲ್ಲಾಡುತ್ತೆ ಕಣೆ. ಎಡಗಡೆ ಮೊಳೆ ಇಲ್ಲ. ಎಡಕ್ಕೆ ತುಳೀಬೇಡಿ ಅಂತ ಹೊಸಬರಿಗೆಲ್ಲ ಹೇಳಿಕೊಡ್ತೀವಿ. ಬಲಕ್ಕೆ ತುಳಿದೆ. ಬಲಕ್ಕೆ ಜಾರುತ್ತೆ."

"ಒಂದು ಮೊಳೆ ಇಲ್ಲ, ಅಷ್ಟೇನಾ?"

"ಅಷ್ಟೆ."

ದಿನಾ ಬೊಟ್ಟಿಡಲು ಬಗ್ಗುವಾಗ ಎಡಗಡೆ ಅಲ್ಲಾಡಿ ತಟ್ಟೆ ವಾಲುತ್ತಿತ್ತು. ಅದಕ್ಕೇ ಅವಳು ಬೊಟ್ಟನ್ನೆಲ್ಲ ಬಲಕ್ಕೆ ಇಡುತ್ತಿದ್ದಳು. ಅವಳ ತಾಯಿಯೂ ಬಲಕ್ಕೇ ಇಟ್ಟಿದ್ದಳು. ಜನ ಎಡಕ್ಕೆ ಹೆದರಿ ಬಲಕ್ಕೆ ಬರುತ್ತಿದ್ದರು, ಬಲಕ್ಕೆ ಬಂದವರನ್ನು ಈ ತಾಯಿ ಮಕ್ಕಳ ಎಣ್ಣೆ ಕಾಯುತ್ತಿತ್ತು.

ಆ ಮನೆಯಲ್ಲಿ ಇದ್ದವರು ಮೂವರೇ. ಗಂಡ ಮಂಚದ ಮೇಲೆ. ಕುಂಕುಮದಾಕೆ ತಟ್ಟೆ ಹಿಡಿಯುವವಳು, ತಟ್ಟೆ ಹಿಡಿದವರು ಹೊರೆ ಎತ್ತುವ ಹಾಗಿಲ್ಲ. ಉಳಿದವಳು ಮಗಳು. ಹತ್ತೊಂಬತ್ತು ವರ್ಷ, ಉದ್ದ ಕಾಲು, ಅದಕ್ಕಿಂತ ಉದ್ದ ನಾಲಿಗೆ.

"ನೀನೇನು ಮುಖ ಮಾಡ್ಕೊಂಡು ಕೂತಿದ್ದೀಯ ಅವ್ವ," ಅಂದಳು ಮಗಳು. "ಹನ್ನೊಂದನೇದು ಕೆಟ್ಟದ್ದು ಅಂದರೆ ಅದನ್ನ ತುಳಿಯೋದೇ ಇಲ್ಲ. ಹತ್ತರಿಂದ ಹನ್ನೆರಡಕ್ಕೆ ದಾಟ್ತೀನಿ."

"ದಾಟು ನೋಡೋಣ," ಅಂದಳು ತಾಯಿ. ಅಂಗಳದಲ್ಲಿ ಎರಡು ಮೆಟ್ಟಿಲಿನ ಎತ್ತರಕ್ಕೆ ಕಲ್ಲು ಜೋಡಿಸಿದಳು. ರಾಗಿ ಮೂಟೆ ತಂದು ಮಗಳ ಬೆನ್ನಿಗೆ ಕಟ್ಟಿದಳು. ಮಗಳು ಕಾಲೆತ್ತಿದಳು, ಮೂಟೆ ಹಿಂದಕ್ಕೆ ಎಳೆಯಿತು, ದೊಪ್ಪನೆ ಮೂಟೆಯ ಮೇಲೆ ಅಂಗಾತ ಬಿದ್ದಳು. ಬಿದ್ದು ನಕ್ಕಳು. ತಾಯಿ ನಗಲಿಲ್ಲ. ಮಗಳೂ ನಗುವುದನ್ನು ನಿಲ್ಲಿಸಿದಳು. ಅಂಗಳದಲ್ಲಿ ಬಿದ್ದದ್ದು ಎರಡು ಕಲ್ಲಿನಿಂದ. ಅಲ್ಲಿ ಬಿದ್ದರೆ ಹನ್ನೊಂದು ಮೆಟ್ಟಿಲು.

"ನಿನ್ನ ಕಾಲು ಆ ಕೆಂಪಿನ ಮೇಲೆ ಬೀಳೋಕೆ ನಾನು ಬಿಡೋಲ್ಲ," ಅಂದಳು ತಾಯಿ. "ಒಂಬತ್ತು ದಿನ ಇದೆ."

ಮಾರನೇ ದಿನ ಕುಂಕುಮದಾಕೆ ತಟ್ಟೆ ಹಿಡಿದು ಎಂದಿನಂತೆ ಹೊರಟಳು. ಆದರೆ ಜಾಗಕ್ಕೆ ಬಗ್ಗಿ ಬರಿಬೆರಳು ತಾಗಿಸಿ ಬಾಯಾಡಿಸಿದಳಷ್ಟೆ, ಉಂಡೆಯಾ ಅಂತ ಕೇಳಲಿಲ್ಲ. ಆ ಜಾಗದಲ್ಲಿ ಬಿದ್ದವರನ್ನು, ಸುಟ್ಟುಕೊಂಡವರನ್ನು, ಕೊಯ್ದುಕೊಂಡವರನ್ನು ಹುಡುಕಿಕೊಂಡು ಹೋಗಿ ಒಂದೇ ಮಾತು ಕೇಳಿದಳು. ಹೇಗಾಯ್ತು?

ಚಕ್ರದ ಹತ್ತಿರ ಒಂದೇ ತೋಳಿನವನು ಕೂತಿದ್ದ. ಮೊದಲು ನಕ್ಕ, ಇದೆಂಥ ಪ್ರಶ್ನೆ ಅಂತ. ಆಮೇಲೆ ಹೇಳಿದ. "ಚಕ್ರಕ್ಕೆ ಮರೆ ಇಲ್ಲವಲ್ಲ. ಹೆಗಲ ಮೇಲಿನ ಟವೆಲ್ಲು ಸಿಕ್ಕಿಕೊಂಡಿತು. ಟವೆಲ್ಲಿನ ಹಿಂದೆ ನಾನೂ ಹೋದೆ. ಅಷ್ಟೆ."

ಕೊಪ್ಪರಿಗೆಯ ಹತ್ತಿರ ಇಬ್ಬರು ಓರಗಿತ್ತಿಯರು ಕುಂಟುತ್ತಾ ನೀರು ಹೊರುತ್ತಿದ್ದರು. "ನೆಲ ಒದ್ದೆ ಇತ್ತು," ಅಂದಳು ಹಿರಿಯಳು. "ಮೊದಲು ಇವಳು ಜಾರಿ ರಾಳಕ್ಕೆ ಕಾಲಿಟ್ಟಳು. ಒರೆಸೋಣ ಅಂದರೆ ಆಗಲೇ ನೀನು ಬಂದು ಬೊಟ್ಟು ಇಟ್ಟಿದ್ದೆ, ಒರೆಸೋ ಹಾಗಿಲ್ಲ. ಮಾರನೇ ವಾರ ನಾನು ಜಾರಿದೆ." ಅವಳ ಮಾತಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಕುಂಕುಮದಾಕೆಗೆ ಎಷ್ಟೋ ಹಗುರವಾಗುತ್ತಿತ್ತು.

ನೆಲ ನೋಡಿಕೊಂಡೇ ನಡೆಯುವ ಗೂನು ಬೆನ್ನಿನ ಮುದುಕ ತಲೆ ಎತ್ತಲಾರದೆ ಅವಳ ಪಾದಕ್ಕೇ ಉತ್ತರ ಹೇಳಿದ. "ಇಬ್ಬರು ಎತ್ತೋ ಹೊರೆ ಒಬ್ಬನೇ ಎತ್ತಿದೆ ತಾಯಿ. ಇನ್ನೊಬ್ಬನನ್ನ ಕರೀಬಹುದಿತ್ತು. ಕರೀಲಿಲ್ಲ. ಅಷ್ಟೆ."

ಹೀಗೆ ನಾಲ್ಕು ದಿನ ಕೇಳಿದಳು. ಎಲ್ಲರಿಗೂ ಗೊತ್ತಿತ್ತು. ಅದೇ ಅವಳಿಗೆ ತಡೆಯಲಾಗದ್ದು. ಒಂದು ಮರೆ, ಒಂದು ಒಣಬಟ್ಟೆ, ಇನ್ನೊಂದು ಜೊತೆ ಕೈ. ನಲವತ್ತೊಂದು ಜಾಗದಲ್ಲೂ ಉತ್ತರ ಬಾಯಿ ತುದಿಯಲ್ಲೇ ಕೂತಿತ್ತು. ಕೇಳುವವರಿರಲಿಲ್ಲ ಅಷ್ಟೆ.

ಒಬ್ಬಳು ಮಾತ್ರ ಹಾಗೆ ಹೇಳಲಿಲ್ಲ. ಹಣಿಗೆಯ ಹತ್ತಿರ ಕೂರುವ ಹಿರಿಯಳು, ಹಣಿಗೆಯಕ್ಕ ಅಂತ ಎಲ್ಲರಿಗೂ ಅಕ್ಕ. ಅವಳ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಉಳಿದಿದ್ದವು. ಉಳಿದ ಮೂರು ಹೋಗಿ ಮೂವತ್ತು ವರ್ಷ.

"ಹೇಗಾಯ್ತು ಅಂದರೆ ಏನೇ?" ಅಂದಳು ಅವಳು. "ಹಣಿಗೆ ಕೇಳಿತು, ನಾನು ಕೊಟ್ಟೆ. ನಿಮ್ಮವ್ವನೇ ಬಂದು ಬೊಟ್ಟು ಇಟ್ಟಳು, ನನ್ನ ಕೊರಳಿಗೆ ಹಾರ ಹಾಕಿದರು. ಈಗ ನೀನು ಬಂದು ಲೆಕ್ಕ ಕೇಳ್ತೀಯಾ? ಹೋಗು ಹೋಗು, ನಿನ್ನ ಕೆಲಸ ನೋಡ್ಕೋ."

ಕುಂಕುಮದಾಕೆ ಹೋದಳು. ಆರನೇ ದಿನ ಬಡಗಿಯ ಮನೆಗೆ ಹೋದಳು.

ಹಗ್ಗದ ಮನೆಯಲ್ಲಿ ಸುತ್ತಿಗೆ ತಾಗುವ ಹಾಗಿಲ್ಲದ ಮೇಲೆ ಬಡಗಿಗೆ ಅಲ್ಲಿ ಏನು ಕೆಲಸ? ಅವನು ಊರುಗೋಲು ಮಾಡುತ್ತಿದ್ದ. ಗೋಡೆಯುದ್ದಕ್ಕೂ ಊರುಗೋಲು ಒರಗಿಸಿದ್ದ, ಅಳತೆಗೊಂದರಂತೆ. ಊರಲ್ಲಿ ಯಾರೇ ಬಂದರೂ ಅವನ ಕಣ್ಣು ಮೊದಲು ಅವರ ಕಂಕುಳಿನಿಂದ ನೆಲದವರೆಗೆ ಇಳಿಯುತ್ತಿತ್ತು. ಕುಂಕುಮದಾಕೆಯನ್ನೂ ಹಾಗೇ ಅಳೆದ.

"ನನಗಲ್ಲ ಅಣ್ಣ," ಅಂದಳು. "ಒಂದು ಹಲಗೆ ಬೇಕು. ನಾಲ್ಕು ಮೊಳೆ ಬೇಕು. ಹಿಡಿದುಕೊಂಡು ಹತ್ತೋಕೆ ಎರಡು ಬಿದಿರು ಬೇಕು."

"ಎಲ್ಲಿಗೆ?"

"ಹನ್ನೊಂದನೇ ಮೆಟ್ಟಿಲಿಗೆ."

ಬಡಗಿ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟ. ಬಾಗಿಲು ಹಾಕಿ ಬಂದ. "ನಾನು ಮಾಡಿದ ಊರುಗೋಲು ಎಷ್ಟು ಜನಕ್ಕೆ ನಡಿಗೆ ಕೊಟ್ಟಿದೆ ಗೊತ್ತಾ ನಿನಗೆ?"

"ಗೊತ್ತು. ನಮ್ಮನೆಯವರಿಗೆ ಅದೂ ಆಗೋಲ್ಲ. ಸೊಂಟ ಹೋಗಿದೆ."

ಅವನು ಗೋಡೆಗೆ ಒರಗಿಸಿದ್ದ ಒಂದು ಊರುಗೋಲನ್ನು ನೆಟ್ಟಗೆ ಮಾಡಿದ. "ಆ ಮೆಟ್ಟಿಲಿಗೆ ಮೊಳೆ ಇಲ್ಲ ಅನ್ನೋದು ನಮ್ಮಪ್ಪನಿಗೂ ಗೊತ್ತಿತ್ತು," ಅಂದ. "ಹೆದರಿಕೆ ಕಣಮ್ಮ. ನಾನು ಹೊಡೆದ ಮೊಳೆ ಬಿಟ್ಟುಕೊಂಡು ಯಾರಾದರೂ ಬಿದ್ದರೆ ಬಡಗಿ ಬೀಳಿಸಿದ ಅಂತಾರೆ. ಮೊಳೆ ಇಲ್ಲದೆ ಬಿದ್ದರೆ ಜಾಗ ಆರಿಸಿಕೊಂಡಿತು ಅಂತಾರೆ. ನನ್ನ ಕೈಲಿ ಆಗೋಲ್ಲ, ಹೋಗು."

ಏಳನೇ ದಿನ ಮೇಸ್ತ್ರಿಯ ಹತ್ತಿರ ಹೋದಳು. ಅವನು ಸಿಟ್ಟಾಗಲಿಲ್ಲ, ಮಣೆ ಹಾಕಿ ಕೂರಿಸಿದ.

"ನಿನ್ನ ಸಂಕಟ ನನಗೆ ಅರ್ಥವಾಗುತ್ತಮ್ಮ. ಆದರೆ ಒಂದು ಜಾಗ ಎಬ್ಬಿಸಿದರೆ ನಲವತ್ತೊಂದೂ ಏಳುತ್ತವೆ. ಇಷ್ಟು ಜನರನ್ನ ನಾನು ಹೇಗೆ ಕಾಯಲಿ?"

"ಈಗ ಹೇಗೆ ಕಾಯ್ತಿದ್ದೀರಿ?"

ಮೇಸ್ತ್ರಿ ಪೇಟ ಸರಿಮಾಡಿಕೊಂಡ. "ಕಟ್ಟಳೆ ಏನು ಹೇಳುತ್ತೆ ಗೊತ್ತಾ? ಬೊಟ್ಟು ಅಳಿಸಿದವರು ಯಾರೋ ಅವರೇ ಮೊದಲು ಆ ಜಾಗ ತುಳೀಬೇಕು. ಮುಂದಿನ ನೆತ್ತರು ಅವರದು. ಇವತ್ತಿನವರೆಗೆ ಒಬ್ಬರೂ ಅಳಿಸಿಲ್ಲ."

"ಹಾಗಾದರೆ ನಾನು ಮೊದಲು ತುಳೀತೀನಿ," ಅಂದಳು. ಎದ್ದು ಬಂದಳು. ಮೇಸ್ತ್ರಿ ಕರೆದ, ಅವಳು ತಿರುಗಲಿಲ್ಲ.

ಎಂಟನೇ ದಿನ ಸಂಜೆ ಗಂಡನಿಗೆ ಗಂಜಿ ಕುಡಿಸುತ್ತಾ ಕೂತಿದ್ದಳು. ಎಂಟು ದಿನ ಎದೆಯಲ್ಲಿ ಇಟ್ಟುಕೊಂಡಿದ್ದ ಮಾತು ಇನ್ನು ಇಟ್ಟುಕೊಳ್ಳಲು ಆಗಲಿಲ್ಲ.

"ನಿಮ್ಮ ಹಿಮ್ಮಡೀಲಿ ಎಣ್ಣೆ ಇತ್ತು," ಅಂದಳು. "ನನ್ನ ಎಣ್ಣೆ. ನಿಮ್ಮನ್ನ ಕೆಡವಿದ್ದು ನಾನೇ."

ಗಂಡ ಗಂಜಿ ನುಂಗಿದ. "ಗೊತ್ತು ಕಣೆ. ಜಾರುವಾಗಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನೀನು ನನ್ನ ಕಾಲು ಮುಟ್ಟೋಕೂ ಹೆದರ್ತಿದ್ದೆ. ನನಗೆ ಈಗ ಉಳಿದಿರೋದು ಅದೊಂದೇ." ಅವನು ಮುಖ ಆ ಕಡೆ ತಿರುಗಿಸಿಕೊಂಡ. ಆಮೇಲೆ ಗೋಡೆಗೆ ಹೇಳುವವನಂತೆ ಹೇಳಿದ, "ನಾನು ಇಪ್ಪತ್ತೆರಡು ವರ್ಷ ಸುಮ್ಮನಿದ್ದೆ. ನಮ್ಮ ಮಗಳು ನಾಳೆ ಹತ್ತುತ್ತಾಳೆ. ನೀನು ಸುಮ್ಮನಿರಬೇಡ."

ಅವಳು ಬಟ್ಟಲು ಕೆಳಗಿಟ್ಟು ಅತ್ತಳು. ಚೆನ್ನಾಗಿ ಅತ್ತಳು, ಸೆರಗು ಒದ್ದೆಯಾಗುವಷ್ಟು. ಅತ್ತು ಮುಗಿಸಿ ಎದ್ದು ಸೀಗೆಪುಡಿಯ ಡಬ್ಬಿ ಎಲ್ಲಿದೆ ಅಂತ ಹುಡುಕಿದಳು. ಎಣ್ಣೆ ಬಿಡಿಸಲು ಅದಕ್ಕಿಂತ ಬೇರೆ ಏನಿದೆ?

ಒಂಬತ್ತನೇ ದಿನ ಬಂತು. ಬೆಳಗಿನ ಬಿಸಿಲು ಏರಿದ ಹೊತ್ತು, ಅದೇ ಹೊರೆ ಎತ್ತುವ ಹೊತ್ತು. ಹಗ್ಗದ ಮನೆಯಲ್ಲಿ ಊರೆಲ್ಲ ಮೆಟ್ಟಿಲ ಬುಡದಲ್ಲಿ ಸೇರಿತ್ತು. ಮಗಳ ಬೆನ್ನಿಗೆ ಹೊರೆ ಕಟ್ಟಿದ್ದರು. ನಾಲಿಗೆ ಉದ್ದದ ಹುಡುಗಿ ಅವತ್ತು ಮಾತಾಡಲಿಲ್ಲ. ತುಟಿ ಬೆಳ್ಳಗಾಗಿತ್ತು.

ಕುಂಕುಮದಾಕೆ ತಟ್ಟೆ ಇಲ್ಲದೆ ಬಂದಳು. ಒಂದು ಕೈಯಲ್ಲಿ ಬಿಸಿನೀರಿನ ಬಿಂದಿಗೆ, ಇನ್ನೊಂದರಲ್ಲಿ ತೆಂಗಿನಕಾಯಿ ಕೆತ್ತುವ ಕತ್ತಿ, ಸೊಂಟದಲ್ಲಿ ಸೀಗೆಪುಡಿಯ ಗಂಟು. ಮಗಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಹತ್ತನೆಯದಕ್ಕೆ ಹತ್ತಿದಳು. ಹತ್ತನೆಯದರ ಮೇಲೆ ಮಂಡಿ ಊರಿ, ಗೋಡೆಗೆ ಒರಗಿ, ಹನ್ನೊಂದನೆಯದಕ್ಕೆ ಕತ್ತಿ ಹಾಕಿದಳು.

ಕೆಂಪು ಹೆಪ್ಪು ಒಡೆದು ಚಕ್ಕೆ ಚಕ್ಕೆಯಾಗಿ ಎದ್ದಿತು. ಕೆಳಗಿದ್ದವರ ಬಾಯಿಂದ ಒಂದೇ ಸಲ ಅಯ್ಯೋ ಅನ್ನುವ ಸದ್ದು ಬಂತು. ಕೆಲವರು ಕಿವಿ ಮುಚ್ಚಿಕೊಂಡರು. ಮೊದಲು ಬಂದದ್ದು ಅವಳು ಇಟ್ಟ ಬೊಟ್ಟು, ಇನ್ನೂ ಮೆತ್ತಗಿತ್ತು. ಅದರ ಕೆಳಗೆ ತಾಯಿ ಇಟ್ಟದ್ದು, ಅದು ಕಪ್ಪಾಗಿತ್ತು. ಅದರ ಕೆಳಗೆ ತಾಯಿಯ ತಾಯಿ ಇಟ್ಟದ್ದು, ಅದು ಕಲ್ಲಿನಂತಿತ್ತು. ಅಲ್ಲಿ ಯಾವ ದೇವರೂ ಮಲಗಿರಲಿಲ್ಲ. ಒಂದು ಹಳೇ ಹಲಗೆ ಇತ್ತು, ಉದ್ದಕ್ಕೆ ಬಿರುಕು, ಎಡಗಡೆ ಮೊಳೆ ಇಲ್ಲದ ತೂತು.

"ನಿಲ್ಲಿಸು," ಅಂದ ಮೇಸ್ತ್ರಿ.

ಅವಳು ನಿಲ್ಲಿಸಲಿಲ್ಲ. ಬಿಸಿನೀರು ಹೊಯ್ದು ಸೀಗೆಪುಡಿ ಹಾಕಿ ಉಜ್ಜಿದಳು. ಉಜ್ಜುತ್ತಲೇ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ನಮ್ಮನೆಯವರನ್ನ ಈ ಮೆಟ್ಟಿಲು ಆರಿಸಿಕೊಳ್ಳಲಿಲ್ಲ. ಈ ಕೈ ಆರಿಸಿಕೊಂಡಿತು. ನಾನು ಇಟ್ಟ ಎಣ್ಣೆಗೆ ಅವರು ಜಾರಿದರು. ಎಡಗಡೆ ಮೊಳೆ ಇಲ್ಲ, ಬಲಗಡೆ ಎಣ್ಣೆ ಇದೆ, ಹಿಡ್ಕೊಳ್ಳೋಕೆ ಏನೂ ಇಲ್ಲ. ನಿಮಗೆಲ್ಲ ಗೊತ್ತಿತ್ತು. ನೀವೇ ನನಗೆ ಹೇಳಿದ್ದೀರಿ."

ಆಗ ಹಣಿಗೆಯಕ್ಕ ಗುಂಪನ್ನು ಸೀಳಿಕೊಂಡು ಮುಂದೆ ಬಂದಳು. ಎರಡು ಬೆರಳಿನ ಕೈಯನ್ನು ಮೇಲೆತ್ತಿ ಹಿಡಿದಿದ್ದಳು.

"ಹಾಗಾದರೆ ನನ್ನ ಬೆರಳು?" ಅಂದಳು. "ಒಂದು ಮುಚ್ಚಳ ಹಾಕಿದ್ದರೆ ಉಳೀತಿದ್ದವು ಅಂತೀಯಾ? ಮೂವತ್ತು ವರ್ಷ ನಾನು ಹಾರ ನೆನೆಸ್ಕೊಂಡು ಬದುಕಿದ್ದೀನಿ. ಹೇಳು. ನನ್ನ ಬೆರಳು ಸುಮ್ಮನೆ ಹೋದವಾ?"

ಕುಂಕುಮದಾಕೆ ಉಜ್ಜುವುದನ್ನು ನಿಲ್ಲಿಸಿದಳು. ಇಲ್ಲ ಅಕ್ಕ ಅನ್ನಬಹುದಿತ್ತು. ಅಂದಿದ್ದರೆ ಎಲ್ಲರೂ ಮನೆಗೆ ಹೋಗುತ್ತಿದ್ದರು, ಮಗಳು ಮೆಟ್ಟಿಲು ಹತ್ತುತ್ತಿದ್ದಳು. ಅವಳು ಆ ಮುದುಕಿಯ ಮುಖ ನೋಡಿದಳು. ಆದರೂ ಹೇಳಿದಳು.

"ಹೌದು ಅಕ್ಕ. ಸುಮ್ಮನೆ ಹೋದವು. ನಮ್ಮನೆಯವರ ಸೊಂಟವೂ ಸುಮ್ಮನೆ ಹೋಯ್ತು. ನನ್ನ ಮಗಳ ಕಾಲು ಸುಮ್ಮನೆ ಹೋಗಬಾರದು."

ಹಣಿಗೆಯಕ್ಕ ಕೈ ಇಳಿಸಿದಳು. ಅಲ್ಲೇ ಮೊದಲನೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಮೂವತ್ತು ವರ್ಷ ಅಳದೇ ಇದ್ದದ್ದನ್ನು ಅವಳು ಆಗ ಅತ್ತಳು. ಅಷ್ಟು ಹೊತ್ತಿಗೆ ಯಾರೋ ಹೋಗಿ ಚಕ್ರ ನಿಲ್ಲಿಸಿದರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಆ ಮನೆ ಹುಟ್ಟಿದಾಗಿನಿಂದ ಮೊದಲ ಸಲ ಅಲ್ಲಿ ಸದ್ದು ನಿಂತಿತು, ಜನ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡರು.

ಬಾಗಿಲಲ್ಲಿ ಬಡಗಿ ನಿಂತಿದ್ದ. ಕಂಕುಳಲ್ಲಿ ಎರಡು ಹಲಸಿನ ಹಲಗೆ, ಹೆಗಲ ಮೇಲೆ ಎರಡು ಬಿದಿರು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಒಳಗೆ ಕಾಲಿಡಲು ಧೈರ್ಯ ಸಾಲದೆ ನಿಂತಿದ್ದ. ಕುಂಕುಮದಾಕೆ ಅವನನ್ನು ನೋಡಿದಳು.

"ಬಾ ಅಣ್ಣ," ಅಂದಳು. "ಯಾರಾದರೂ ಬಿದ್ದರೆ ನಾನು ಬೀಳಿಸಿದೆ ಅಂತ ಹೇಳ್ತೀನಿ."

ಬಡಗಿ ಬಂದ. ಹಳೇ ಹಲಗೆ ಕಿತ್ತ. ಹೊಸದನ್ನು ಕೂರಿಸಿದ, ಎತ್ತಿದ, ಒಂದು ಕೂದಲೆಳೆಯಷ್ಟು ಕೆತ್ತಿದ, ಮತ್ತೆ ಕೂರಿಸಿದ. ಎಡಕ್ಕೆ ಎರಡು ಮೊಳೆ, ಬಲಕ್ಕೆ ಎರಡು ಮೊಳೆ. ಆಮೇಲೆ ಗೋಡೆಯುದ್ದಕ್ಕೆ ಒಂದು ಬಿದಿರು, ಬಯಲಿನ ಕಡೆಗೆ ಒಂದು ಬಿದಿರು, ಕೈಗೆ ಎಟಕುವ ಎತ್ತರಕ್ಕೆ ಬಿಗಿದ. ಕೈಕಾಲು ಆಡುವುದು ಮೊದಲು ನಿಧಾನವಿತ್ತು, ಬರುಬರುತ್ತಾ ಚುರುಕಾಯಿತು.

ಕಟ್ಟಳೆಯ ಪ್ರಕಾರ ಅಳಿಸಿದವಳೇ ಮೊದಲು ತುಳಿಯಬೇಕಲ್ಲ. ಕುಂಕುಮದಾಕೆ ಇಳಿದು ಬಂದು ಮಗಳ ಬೆನ್ನಿನ ಹೊರೆ ಬಿಚ್ಚಿ ತನ್ನ ಬೆನ್ನಿಗೆ ಕಟ್ಟಿಕೊಂಡಳು. ತಟ್ಟೆ ಹಿಡಿದವರು ಹೊರೆ ಎತ್ತುವ ಹಾಗಿಲ್ಲ ಅಂತ ಯಾರೋ ಗೊಣಗಿದರು. ತಟ್ಟೆ ಎಲ್ಲಿದೆ ತೋರಿಸಿ ಅಂದಳು. ಹತ್ತಿದಳು. ಹನ್ನೊಂದನೆಯದರ ಮೇಲೆ ಎರಡೂ ಕಾಲಿಟ್ಟು ನಿಂತಳು. ಎಡಕ್ಕೆ ತುಳಿದಳು, ಬಲಕ್ಕೆ ತುಳಿದಳು. ಬಿದಿರನ್ನು ಹಿಡಿದು ಅಲ್ಲಾಡಿಸಿ ನೋಡಿದಳು. ಅಟ್ಟಕ್ಕೆ ಹೋಗಿ ಇಳಿದಳು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಬಿಡದೆ ಒಂಬತ್ತು ಸಲ ಹತ್ತಿ ಇಳಿದಳು. ಆಮೇಲೆ ಹೊರೆಯನ್ನು ಎರಡು ಭಾಗ ಮಾಡಿ ಅರ್ಧವನ್ನು ಮಾತ್ರ ಮಗಳ ಬೆನ್ನಿಗೆ ಕಟ್ಟಿದಳು.

"ಎರಡು ಸಲ ಹೋಗು," ಅಂದಳು. "ಬಿದಿರು ಬಿಡಬೇಡ."

ಮಗಳು ಹತ್ತಿದಳು. ಊರೆಲ್ಲ ಕತ್ತೆತ್ತಿ ಎಣಿಸಿತು. ಒಂಬತ್ತು. ಹತ್ತು. ಹನ್ನೊಂದು. ತಾಯಿಗೆ ಕಣ್ಣು ಮುಚ್ಚಬೇಕು ಅನ್ನಿಸಿತು, ಮುಚ್ಚಲಿಲ್ಲ. ಹನ್ನೆರಡು. ಹದಿಮೂರು. ಹದಿನೇಳು. ಅಟ್ಟದ ಮೇಲಿಂದ ಹೊರೆ ಬಿದ್ದ ಸದ್ದು ಬಂತು, ಆಮೇಲೆ ಮಗಳು ಎರಡೂ ಕೈಯಲ್ಲಿ ಬಿದಿರು ಹಿಡಿದು ಇಳಿದು ಬಂದಳು. ಏನೂ ಆಗಲಿಲ್ಲ. ಬಿದ್ದವರಿಗೆ ಹಾರ ಹಾಕುವುದು ಆ ಊರಿಗೆ ಗೊತ್ತಿತ್ತು, ಇಳಿದು ಬಂದವರಿಗೆ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಸುಮ್ಮನೆ ನೋಡುತ್ತಾ ನಿಂತರು. ತಾಯಿ ಮಗಳ ಎರಡೂ ಕಾಲನ್ನು ಮುಟ್ಟಿ ಮುಟ್ಟಿ ನೋಡಿದಳು.

"ಬಿಡವ್ವ, ಕಚಗುಳಿ ಆಗುತ್ತೆ," ಅಂದಳು ಮಗಳು. ನಾಲಿಗೆ ಮರಳಿ ಬಂದಿತ್ತು.

ಮೇಸ್ತ್ರಿ ಮುಂದೆ ಬಂದ. ಎಲ್ಲರೂ ಅವನ ಕಡೆ ತಿರುಗಿದರು. ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು, ಕೊಪ್ಪರಿಗೆಯ ಹತ್ತಿರದ ಒದ್ದೆ ನೆಲವನ್ನು ಮೊದಲ ಸಲ ನೋಡುವವನಂತೆ ನೋಡುತ್ತಾ ನಿಂತ.

ಹಣಿಗೆಯಕ್ಕ ಸೆರಗಲ್ಲಿ ಮೂಗು ಒರೆಸಿಕೊಂಡು ಎದ್ದಳು. ಬಡಗಿಯ ಹತ್ತಿರ ಹೋದಳು.

"ಹಣಿಗೆಗೆ ಒಂದು ಮುಚ್ಚಳ ಮಾಡೋಕೆ ಎಷ್ಟು ಹೊತ್ತು ಬೇಕು?"

ಬಡಗಿ ತಲೆ ತಗ್ಗಿಸಿದ. "ಅರ್ಧ ಗಳಿಗೆ ಸಾಕು ಅಕ್ಕ."

"ಅರ್ಧ ಗಳಿಗೆ," ಅಂದಳು ಅವಳು. ಮತ್ತೊಮ್ಮೆ ಅಂದಳು, "ಅರ್ಧ ಗಳಿಗೆ." ಆಮೇಲೆ ಹಣಿಗೆಯ ಕಡೆಗೆ ನಡೆದಳು. ಬಡಗಿ ಹಿಂದೆ ಹೋದ, ಕುಂಕುಮದಾಕೆ ಹಿಂದೆ ಹೋದಳು, ಮಗಳು ಉಳಿದ ಹಲಗೆ ಎತ್ತಿಕೊಂಡು ಹೋದಳು. ಅವರ ಹಿಂದೆ ಒಂದೇ ತೋಳಿನವನು, ಓರಗಿತ್ತಿಯರು, ಗೂನು ಬೆನ್ನಿನ ಮುದುಕ.

ಬಡಗಿ ಅಳತೆ ಮಾಡಿ ಹಲಗೆ ಕೊಯ್ದ. ನಾರು ಹಾಯುವಷ್ಟು ಸಂದು ಬಿಟ್ಟು ಮುಳ್ಳಿನ ಮೇಲೆ ಹಲಗೆ ಕೂತಿತು. ಮೊಳೆ ಹೊಡೆಯಬೇಕು, ಆದರೆ ಅವನ ಎರಡೂ ಕೈ ಹಲಗೆ ಒತ್ತಿ ಹಿಡಿದಿದ್ದವು. ಕುಂಕುಮದಾಕೆ ಸುತ್ತಿಗೆ ತೆಗೆದುಕೊಂಡಳು. ಮೊಳೆ ಹಿಡಿಯುವವರು ಬೇಕಿತ್ತು.

"ನಾನು ಹಿಡೀತೀನಿ," ಅಂದಳು ಹಣಿಗೆಯಕ್ಕ. ಎರಡು ಬೆರಳ ನಡುವೆ ಮೊಳೆ ತೆಗೆದುಕೊಂಡು ಹಲಗೆಯ ಮೇಲೆ ನಿಲ್ಲಿಸಿದಳು. ಕುಂಕುಮದಾಕೆ ಸುತ್ತಿಗೆ ಎತ್ತಿದಳು.

"ತಡಿ," ಅಂದಳು ಹಣಿಗೆಯಕ್ಕ. ತನ್ನ ಎರಡು ಬೆರಳನ್ನು ನೋಡಿದಳು, ಸುತ್ತಿಗೆಯನ್ನು ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು.

"ಇಕ್ಕಳ ಕೊಡು," ಅಂದಳು. "ಬೆರಳು ಇನ್ನು ಕೊಡೋದಿಲ್ಲ."